ಚೇಳು ಕಚ್ಚಿದರೆ ಮೊದಲು ಎಲ್ಲಿಗೆ ಓಡಬೇಕು? ನಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಏನಿರಬೇಕು?

ಸೊಪ್ಪಿನಬೆಟ್ಟ (ಶಿರಸಿ)

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆಯವರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ. ನಮ್ಮ ತೋಟದ ಕೆಲಸಕ್ಕೆ ಬರುವವರ ಮಗಳಿಗೆ ಮೊನ್ನೆ ಸಂಜೆ ಚೇಳು ಕಚ್ಚಿತು. ಸಣ್ಣ ಹುಡುಗಿ, ಇನ್ನೂ ಒಂದನೇ ಕ್ಲಾಸು. ಬಚ್ಚಲುಮನೆಯ ಕಟ್ಟಿಗೆ ಸಂದಿಯಲ್ಲಿ ಇತ್ತಂತೆ. ಮನೆಯವರು ಮೊದಲು ಸುಣ್ಣ ಹಚ್ಚಿದರು, ಆಮೇಲೆ ಪಕ್ಕದ ಊರಿನಲ್ಲಿ ಮಂತ್ರ ಹಾಕುವವರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಮಗು ವಾಂತಿ ಮಾಡಿಕೊಂಡು, ಮೈಯೆಲ್ಲ ಬೆವರಿ, ಕೈಕಾಲು ತಣ್ಣಗಾಗಿತ್ತು. ನಮಗೆ ಸುದ್ದಿ ಸಿಕ್ಕಿದ್ದೇ ಆಗ.

ಮೊದಲು ಹೋದ ಆಸ್ಪತ್ರೆಯಲ್ಲಿ ಒಂದು ನೋವಿನ ಇಂಜೆಕ್ಷನ್ ಕೊಟ್ಟು "ಚೇಳು ತಾನೆ, ಬೆಳಗಾದರೆ ಸರಿಹೋಗುತ್ತದೆ" ಎಂದು ಕಳಿಸಿದರು. ನಮಗೆ ಸಮಾಧಾನ ಆಗಲಿಲ್ಲ. ಇನ್ನೊಂದು ಕಡೆ ಹೋದೆವು. ಅಲ್ಲಿಯ ಡಾಕ್ಟರು ಮಗುವಿನ ಕೈ ಮುಟ್ಟಿ ನೋಡಿದ ಕೂಡಲೇ ಅಡ್ಮಿಟ್ ಮಾಡಿಕೊಂಡರು, ಒಂದು ಸಣ್ಣ ಮಾತ್ರೆ ಕೊಟ್ಟರು, ರಾತ್ರಿಯಿಡೀ ಬಿಪಿ ನೋಡುತ್ತಾ ಇದ್ದರು. ಮಗು ಈಗ ಹುಷಾರಾಗಿದೆ.

ಆದರೆ ನನಗೆ ಈ ವಿಷಯ ಬಿಡುವುದಕ್ಕೇ ಆಗುತ್ತಿಲ್ಲ. ಹಾವು ಕಚ್ಚಿದರೆ ಊರಿಗೆ ಊರೇ ಓಡುತ್ತದೆ, ಚೇಳು ಎಂದರೆ ಎಲ್ಲರೂ "ಉರಿ ಇರುತ್ತದೆ, ತಡ್ಕೊಳ್ಳಿ" ಎನ್ನುತ್ತಾರೆ. ನಮ್ಮಲ್ಲಿ ದರಕು (ಒಣ ಎಲೆ) ಹೊರುವಾಗ, ಕೊಟ್ಟಿಗೆಗೆ ಸೊಪ್ಪು ಹಾಸುವಾಗ, ಹಳೇ ಹೆಂಚು ಇಳಿಸುವಾಗ ಯಾರಿಗಾದರೂ ಕಚ್ಚುತ್ತಲೇ ಇರುತ್ತದೆ. ಯಾವಾಗ ಮನೆಯಲ್ಲಿ ಸುಧಾರಿಸಬಹುದು, ಯಾವಾಗ ಓಡಬೇಕು? ಆ ಡಾಕ್ಟರು ಕೊಟ್ಟ ಮಾತ್ರೆ ಯಾವುದು, ಅದು ಎಲ್ಲಾ ಪಿಎಚ್‌ಸಿಯಲ್ಲೂ ಇರುತ್ತದಾ? ಹಾವಿಗೆ ಇರುವ ಹಾಗೆ ಚೇಳಿಗೆ ಇಂಜೆಕ್ಷನ್ ಇಲ್ಲವಾ?

ದವಾಖಾನೆ ಅಕ್ಕ (ಕುಮಟಾ)

ಮಗು ಹುಷಾರಾಯಿತಲ್ಲ, ಅದು ದೊಡ್ಡದು. ಎರಡನೇ ಕಡೆ ಕರೆದುಕೊಂಡು ಹೋದಿರಲ್ಲ, ಅದೇ ಮಗುವನ್ನು ಉಳಿಸಿದ್ದು. ನಾನು ಹಳ್ಳಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಚೇಳು ಕಚ್ಚಿದವರಲ್ಲಿ ಹೆಚ್ಚಿನವರಿಗೆ ಬರುವುದು ಬರೀ ನೋವು. ಭಯಂಕರ ನೋವು, ದೊಡ್ಡ ಗಂಡಸರೂ ಬೊಬ್ಬೆ ಹೊಡೆಯುತ್ತಾರೆ, ಆದರೆ ನೋವಿನಿಂದ ಯಾರೂ ಸಾಯುವುದಿಲ್ಲ. ನೋಡಬೇಕಾದದ್ದು ಬೇರೆ. ಕಚ್ಚಿದ ಜಾಗ ಬಿಟ್ಟು ಉಳಿದ ಮೈಯಲ್ಲಿ ಏನಾಗುತ್ತಿದೆ ಅಂತ. ವಾಂತಿ ಬಂತಾ? ಬಟ್ಟೆ ಒದ್ದೆಯಾಗುವಷ್ಟು ಬೆವರಾ? ಬಾಯಲ್ಲಿ ಜೊಲ್ಲು ಜಾಸ್ತಿಯಾ? ಕೈಕಾಲು ತಣ್ಣಗಾದವಾ? ಗಂಡುಮಕ್ಕಳಲ್ಲಿ ಶಿಶ್ನ ಬಿಗಿದು ನಿಲ್ಲುತ್ತದೆ, ಇದನ್ನು ನಾಚಿಕೆಗೆ ಯಾರೂ ಹೇಳುವುದಿಲ್ಲ, ಆದರೆ ವಿಷ ಮೈಗೇರಿದೆ ಎನ್ನುವುದಕ್ಕೆ ಅದು ದೊಡ್ಡ ಗುರುತು, ಆದ್ದರಿಂದ ತಾಯಂದಿರು ಬಟ್ಟೆ ಸರಿಸಿ ನೋಡಬೇಕು, ಕಂಡರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. ಸಣ್ಣ ಮಕ್ಕಳಾದರೆ ಯಾವ ಗುರುತೂ ಕಾಣದಿದ್ದರೂ ಕರೆದುಕೊಂಡು ಬನ್ನಿ. ಅಷ್ಟೇ ವಿಷ ಸಣ್ಣ ಮೈಗೆ ಹೋದರೆ ಪೆಟ್ಟು ಜಾಸ್ತಿ.

ಒಳಗೆ ಆಗುವುದು ಏನು ಅಂದರೆ, ಪ್ರಾಣಕ್ಕೆ ಅಪಾಯ ತರುವ ಕೆಂಪು ಚೇಳಿನ ವಿಷ ನರಗಳನ್ನು ಒಂದೇ ಸಮನೆ ಕೆರಳಿಸುತ್ತದೆ. ಮೈಯಲ್ಲಿ ಅಡ್ರಿನಲಿನ್ ಥರದ ರಸಗಳು ಒಮ್ಮೆಲೇ ನುಗ್ಗುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ತೋಟದ ಪಂಪು ಚಾಲೂ ಇಟ್ಟು ಮುಂದಿನ ವಾಲ್ವ್ ಬಂದ್ ಮಾಡಿದರೆ ಏನಾಗುತ್ತದೋ, ಹೃದಯಕ್ಕೆ ಆಗುವುದೂ ಅದೇ. ಸ್ವಲ್ಪ ಹೊತ್ತಿಗೆ ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಕೆಮ್ಮಿದರೆ ನೊರೆ ಬರುತ್ತದೆ. ಆ ಹಂತಕ್ಕೆ ಬಂದಮೇಲೆ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಮಾಡುವುದಕ್ಕೆ ಬಹಳ ಕಡಿಮೆ ಇರುತ್ತದೆ.

ನಿಮಗೆ ಕೊಟ್ಟ ಮಾತ್ರೆ ಪ್ರಾಜೋಸಿನ್ ಇರಬೇಕು. ಬಿಪಿಗೆ ಕೊಡುತ್ತಿದ್ದ ಹಳೇ ಮಾತ್ರೆ, ದುಬಾರಿ ಏನಲ್ಲ. ಬಿಗಿದ ರಕ್ತನಾಳವನ್ನು ಅದು ಸಡಿಲ ಮಾಡುತ್ತದೆ. ಬೇಗ ಕೊಟ್ಟಷ್ಟೂ ಒಳ್ಳೆಯದು. ಆದರೆ ಯಾರೂ ಇದನ್ನು ತಂದು ಮನೆಯಲ್ಲಿ ಇಟ್ಟುಕೊಂಡು ಕೊಡಬೇಡಿ, ಕೈ ಮುಗಿದು ಹೇಳುತ್ತೇನೆ. ತೂಕ ನೋಡಿ ಕೊಡುವ ಔಷಧ ಅದು, ಕೊಟ್ಟಮೇಲೆ ರೋಗಿ ಮಲಗಿಯೇ ಇರಬೇಕು, ಎದ್ದು ಕೂತರೆ ಬಿಪಿ ಒಮ್ಮೆಲೇ ಬಿದ್ದುಹೋಗುತ್ತದೆ. ಮಕ್ಕಳನ್ನು ಎತ್ತಿಕೊಳ್ಳುವುದಕ್ಕೂ ಬಿಡಬಾರದು. ಬರೀ ನೋವಿದ್ದು ಬೇರೆ ಯಾವ ಗುರುತೂ ಇಲ್ಲದವರಿಗೆ ಇದು ಬೇಕಾಗಿಯೂ ಇಲ್ಲ, ಅವರಿಗೆ ಕಚ್ಚಿದ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಸಾಕು.

ಇನ್ನೊಂದು ಮಾತು. ಆಸ್ಪತ್ರೆಗೆ ಬಂದ ಕೂಡಲೇ "ಸಲೈನ್ ಹಾಕಿ, ಸಲೈನ್ ಹಾಕಿ" ಎಂದು ಜನ ಗಲಾಟೆ ಮಾಡುತ್ತಾರೆ. ಶ್ವಾಸಕೋಶಕ್ಕೆ ನೀರು ಬರುವ ಹೊತ್ತಿನಲ್ಲಿ ಬಾಟಲಿಗಟ್ಟಲೆ ಸಲೈನ್ ಹೋದರೆ ಕೆಡುವುದೇ ಹೆಚ್ಚು. ಎಷ್ಟು ಬೇಕು ಎಂದು ಡಾಕ್ಟರು ನೋಡಿ ತೀರ್ಮಾನ ಮಾಡಲಿ. ಹಾಗೆಯೇ ಹಾವಿಗೆ ಕೊಡುವ ಇಂಜೆಕ್ಷನ್ ಚೇಳಿಗೆ ನಡೆಯುವುದಿಲ್ಲ, ಅದನ್ನೂ ಕೇಳಬೇಡಿ.

ಸದಾಶಿವಗಡ (ಕಾರವಾರ)

ಅಕ್ಕ ಹೇಳಿದ ಆ ಮಾತ್ರೆಯ ಹಿಂದೆ ಒಂದು ದೊಡ್ಡ ಕಥೆ ಇದೆ, ನಮ್ಮ ಕರಾವಳಿಯವರಿಗೆ ಅದು ಗೊತ್ತಿರಬೇಕು. ನಮ್ಮ ಮನೆ ಮುಂದೆ ಹೋಗುವ ಹೆದ್ದಾರಿ 66ರಲ್ಲೇ ಉತ್ತರಕ್ಕೆ ಹೋಗುತ್ತಾ ಇದ್ದರೆ, ಗೋವಾ ದಾಟಿ, ರತ್ನಾಗಿರಿ ದಾಟಿ, ರಾಯಗಡ ಜಿಲ್ಲೆಯಲ್ಲಿ ಮಹಾಡ್ ಅಂತ ಊರು ಸಿಗುತ್ತದೆ. ನಮ್ಮ ಹಾಗೇ ಕೆಂಪು ಮಣ್ಣು, ಚಿರೆಕಲ್ಲು, ಭತ್ತದ ಗದ್ದೆ, ಜೋರು ಮಳೆ. ಅಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅನ್ನುವವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಾಗಿ ಬಂದವರು. ಆಗ ಕೆಂಪು ಚೇಳು ಕಚ್ಚಿ ವಿಷ ಏರಿದವರಲ್ಲಿ 100ಕ್ಕೆ 30ರಷ್ಟು ಜನ ಸಾಯುತ್ತಿದ್ದರು. ಪುಸ್ತಕದಲ್ಲಿ ಇದಕ್ಕೆ ಸರಿಯಾದ ಚಿಕಿತ್ಸೆಯೇ ಇರಲಿಲ್ಲ. ಅವರು ರೋಗಿಯ ಪಕ್ಕದಲ್ಲೇ ಕೂತು ಬಿಪಿ, ನಾಡಿ, ಬೆವರು, ಉಸಿರು ಎಲ್ಲಾ ಬರೆದಿಡುತ್ತಾ ಹೋದರು. 1982ರಲ್ಲಿ ಅವರ ಬರಹ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಮೇಲೆ ಪ್ರಾಜೋಸಿನ್ ಕೊಡುವುದಕ್ಕೆ ಶುರು ಮಾಡಿದರು. ಸಾವು 100ಕ್ಕೆ 1ರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಪದ್ಮಶ್ರೀ ಬಂತು.

ಯೋಚಿಸಿ ನೋಡಿ, ದೊಡ್ಡ ಮೆಷಿನ್ ಇಲ್ಲ, ದೊಡ್ಡ ಲ್ಯಾಬ್ ಇಲ್ಲ. ಹಳ್ಳಿಯ ಡಾಕ್ಟರು ರೋಗಿಯನ್ನು ಗಮನ ಇಟ್ಟು ನೋಡಿದ್ದರಿಂದ ಆದ ಕೆಲಸ ಇದು. ಅಂದಮೇಲೆ ನಮ್ಮ ಜಿಲ್ಲೆಯ ಯಾವ ಹಳ್ಳಿ ಆಸ್ಪತ್ರೆಯಲ್ಲೂ ಇದು ಆಗಬಹುದು, ಸೂಪರ್ ಸ್ಪೆಷಾಲಿಟಿ ಬರುವ ತನಕ ಕಾಯಬೇಕಾಗಿಲ್ಲ.

ಇಂಜೆಕ್ಷನ್ ಬಗ್ಗೆ ಕೇಳಿದಿರಲ್ಲ, ಇದೆ. ಕೆಂಪು ಚೇಳಿನ ವಿಷಕ್ಕೇ ಅಂತ ಮುಂಬೈಯ ಔಷಧ ತಯಾರಿಸುವ ಸಂಸ್ಥೆ ಹಾಫ್‌ಕಿನ್‌ನವರು ಪ್ರತಿವಿಷ ಮಾಡಿದ್ದಾರೆ. ಇದೇ ಬಾವಸ್ಕರ್ ದಂಪತಿ 70 ರೋಗಿಗಳನ್ನು ಎರಡು ಪಾಲು ಮಾಡಿ ಪರೀಕ್ಷೆ ಮಾಡಿದರು, 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿದೆ. ಪ್ರಾಜೋಸಿನ್ ಜೊತೆ ಪ್ರತಿವಿಷವನ್ನೂ ಕೊಟ್ಟ 35 ಜನರಲ್ಲಿ 32 ಮಂದಿ 10 ಗಂಟೆಯೊಳಗೆ ಚೇತರಿಸಿಕೊಂಡರು. ಬರೀ ಪ್ರಾಜೋಸಿನ್ ಕೊಟ್ಟ 35ರಲ್ಲಿ ಅಷ್ಟು ಹೊತ್ತಿಗೆ 8 ಮಂದಿ. ಹಾಗಾಗಿ ಎರಡೂ ಇದ್ದರೆ ಬಹಳ ಒಳ್ಳೆಯದು. ಪ್ರತಿವಿಷ ಎಲ್ಲಾ ಕಡೆ ಸಿಗುವುದಿಲ್ಲ, ಮಾತ್ರೆ ಸಿಗುವುದಕ್ಕೆ ಏನೂ ಕಷ್ಟ ಇಲ್ಲ. ಮೊದಲು ಮಾತ್ರೆ ಇಡಿಸಿ.

ಅಡಿಕೆ ಅಂಗಳ (ಸಿದ್ದಾಪುರ)

ಎಲ್ಲರೂ ಹೇಳಿದ್ದು ಸರಿ ಇರಬಹುದು, ಆದರೆ ಸುಮ್ನೆ ನಾಟಿ ಔಷಧ ಕೊಡುವವರನ್ನೆಲ್ಲ ದೂರುವುದು ನನಗೆ ಸರಿ ಕಾಣುವುದಿಲ್ಲ. ನನ್ನ ಅಜ್ಜ ಚೇಳಿಗೆ ಬೇರು ತೇದು ಹಚ್ಚುತ್ತಿದ್ದರು, ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ, ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೂ ಎದ್ದು ಬರುತ್ತಿದ್ದರು. ಅಳುತ್ತಾ ಬಂದವರು ನಗುತ್ತಾ ಹೋಗಿದ್ದನ್ನು ನಾನೇ ನೋಡಿದ್ದೇನೆ. ಮಳೆಗಾಲದಲ್ಲಿ ಸಾರ (ಕಾಲುಸಂಕ) ಮುಳುಗಿ ಹೊಳೆ ದಾಟುವುದಕ್ಕೆ ಆಗದಿದ್ದಾಗ ನಮ್ಮ ಕೇರಿಗೆ ಇದ್ದದ್ದು ಅವರೊಬ್ಬರೇ.

ದವಾಖಾನೆ ಅಕ್ಕ (ಕುಮಟಾ)

ತಮ್ಮಾ, ನಿಮ್ಮ ಅಜ್ಜನಂಥವರ ಬಗ್ಗೆ ನನಗೆ ಗೌರವ ಇದೆ. ರಾತ್ರಿ ಎರಡಕ್ಕೆ ಎದ್ದು ಬರುವವರು ಎಷ್ಟು ಜನ ಇದ್ದಾರೆ? ನಾನು ಹೇಳುವುದು ಇಷ್ಟೇ. ನಮ್ಮ ಕಾಡಿನಲ್ಲಿ ಜಾಸ್ತಿ ಕಾಣುವುದು ದೊಡ್ಡ ಕರೀ ಚೇಳು. ಅದರ ನೋವು ಕೆಲವು ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ, ಏನು ಹಚ್ಚಿದರೂ ಇಳಿಯುತ್ತದೆ, ಹಚ್ಚದಿದ್ದರೂ ಇಳಿಯುತ್ತದೆ. ಹುಣಸೆ ಬೀಜ ಅಂಟಿಸಿದವರಿಗೂ ಗುಣ, ಈರುಳ್ಳಿ ಉಜ್ಜಿದವರಿಗೂ ಗುಣ, ಮಂತ್ರ ಹಾಕಿಸಿದವರಿಗೂ ಗುಣ. ಕೆಂಪು ಚೇಳು ಕಚ್ಚಿದವರನ್ನೂ ಜನ ಅದೇ ಧೈರ್ಯದ ಮೇಲೆ ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ. ಔಷಧದಿಂದ ಕೆಡುವುದಿಲ್ಲ, ಅಲ್ಲಿ ಕಳೆಯುವ ಹೊತ್ತಿನಿಂದ ಕೆಡುತ್ತದೆ.

ಅದಕ್ಕೇ ನನಗೆ ಅನಿಸುವುದು, ನಾಟಿ ಔಷಧ ಕೊಡುವವರನ್ನು ದೂರ ಇಡುವ ಬದಲು ಅವರ ಹತ್ತಿರ ಹೋಗಿ ಮಾತಾಡಬೇಕು. ಜನ ಮೊದಲು ಹೋಗುವುದು ಅವರ ಅಂಗಳಕ್ಕೆ. "ಬೆವರು, ವಾಂತಿ, ತಣ್ಣನೆ ಕೈ ಕಂಡರೆ ನಾನು ಮುಟ್ಟುವುದಿಲ್ಲ, ಮೊದಲು ಆಸ್ಪತ್ರೆಗೆ ಹೋಗಿ" ಎಂದು ಅವರ ಬಾಯಿಂದ ಬಂದರೆ ಜನ ಕೇಳುತ್ತಾರೆ. ನಾವು ಬಿಳಿ ಕೋಟು ಹಾಕಿಕೊಂಡು ಹೇಳಿದರೆ ಅರ್ಧ ಜನ ಕೇಳುತ್ತಾರೆ, ಅವರು ಹೇಳಿದರೆ ಇಡೀ ಕೇರಿ ಕೇಳುತ್ತದೆ.

ಅಡಿಕೆ ಅಂಗಳ (ಸಿದ್ದಾಪುರ)

ಇದು ಒಪ್ಪುವ ಮಾತು ಅಕ್ಕ. ಅಜ್ಜ ಈಗಿಲ್ಲ, ಚಿಕ್ಕಪ್ಪ ಮುಂದುವರಿಸಿದ್ದಾರೆ. ಅವರಿಗೆ ಓದಿ ಹೇಳುತ್ತೇನೆ.

ನೇರಳೆ ಟಾರ್ಚ್ (ಯಲ್ಲಾಪುರ)

ಚೇಳು ಗುರುತಿಸುವ ಬಗ್ಗೆ ಸ್ವಲ್ಪ. ನೋಡಿದರೆ ದೊಡ್ಡ ಕರೀ ಚೇಳಿಗೇ ಹೆದರಿಕೆ ಆಗುತ್ತದೆ, ಅಂಗೈ ಅಗಲ ಇರುತ್ತದೆ, ಕೊಂಬು (ಮುಂದಿನ ಇಕ್ಕಳ) ಏಡಿಯ ಹಾಗೆ ದಪ್ಪ. ಆದರೆ ಪ್ರಾಣಕ್ಕೆ ಅಪಾಯ ಜಾಸ್ತಿ ಇರುವುದು ಸಣ್ಣದರಿಂದ. ಕೆಂಪು ಅಥವಾ ಕೆಂಪು ಕಂದು ಮೈ, ಸಪೂರ ಕೊಂಬು, ದಪ್ಪ ಬಾಲ. ಕೊಂಬು ದಪ್ಪ ಇದ್ದದ್ದು ಕೊಂಬಿನಿಂದಲೇ ಬೇಟೆ ಮುಗಿಸುತ್ತದೆ, ಕೊಂಬು ಸಪೂರ ಇದ್ದದ್ದಕ್ಕೆ ವಿಷವೇ ಆಧಾರ. ಈ ಕೆಂಪು ಚೇಳು ಕೊಂಕಣ ಪಟ್ಟಿಯಲ್ಲಿ, ಕರ್ನಾಟಕದ ಬೇರೆ ಕಡೆ, ಆಂಧ್ರ, ತಮಿಳುನಾಡು, ಗುಜರಾತಿನಲ್ಲಿ ಎಲ್ಲಾ ಇದೆ. ಹಾಗಂತ ಬಣ್ಣ ನೋಡಿ "ಇದು ಕರಿ, ಏನೂ ಆಗುವುದಿಲ್ಲ" ಎಂದು ಮನೆಯಲ್ಲಿ ಕೂರಬೇಡಿ, ಅಕ್ಕ ಹೇಳಿದ ಗುರುತು ನೋಡಿ. ಕತ್ತಲಲ್ಲಿ ಗಾಬರಿಯಲ್ಲಿ ಕಂಡ ಬಣ್ಣ ನಂಬುವಂಥದ್ದಲ್ಲ. ಹಿಡಿಯುವುದಕ್ಕೂ ಹೋಗಬೇಡಿ, ಇನ್ನೊಬ್ಬರಿಗೆ ಕಚ್ಚುತ್ತದೆ. ಸಾಧ್ಯವಾದರೆ ಮೊಬೈಲಲ್ಲಿ ಒಂದು ಫೋಟೋ, ಅಷ್ಟು ಸಾಕು.

ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿ ದಿನ ಗುಡ್ಡದ ಮೇಲೆ ಜನ ಚೇಳನ್ನು ಕೈ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುವ ಫೋಟೋ ಪ್ರತಿವರ್ಷ ಬರುತ್ತದೆ. ಅದು ಅವರ ಭಕ್ತಿ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆ ಫೋಟೋ ನೋಡಿ ಮಕ್ಕಳು ಇಲ್ಲಿ ಕಲ್ಲು ಎತ್ತಿ ಚೇಳು ಹುಡುಕುವುದಕ್ಕೆ ಹೋಗುತ್ತಾರೆ, ಅದನ್ನು ತಡೆಯಿರಿ.

ನೇರಳೆ ಬೆಳಕಿನ ಟಾರ್ಚು, ನೋಟು ಪರೀಕ್ಷೆಗೆ ಬಳಸುವ ಥರದ್ದು, ಆನ್‌ಲೈನಿನಲ್ಲಿ ಸಿಗುತ್ತದೆ. ರಾತ್ರಿ ಲೈಟು ಆರಿಸಿ ಗೋಡೆ, ಕಟ್ಟಿಗೆ ರಾಶಿ, ಬಚ್ಚಲು ಸುತ್ತ ಬಿಟ್ಟು ನೋಡಿ, ಚೇಳಿದ್ದರೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಎಲ್ಲಿ ಇವೆ ಎಂದು ಗೊತ್ತಾದರೆ ಎಲ್ಲಿ ಸಂದಿ ಮುಚ್ಚಬೇಕು ಅಂತಲೂ ಗೊತ್ತಾಗುತ್ತದೆ. ಮನೆ ಗೋಡೆಗೆ ತಾಗಿಸಿ ಚಿರೆಕಲ್ಲು, ಹೆಂಚು, ಕಾಯಿ ಸಿಪ್ಪೆ ಒಟ್ಟಬೇಡಿ. ಚಿರೆಕಲ್ಲಿನ ತೂತೆಂದರೆ ಅವಕ್ಕೆ ಬಹಳ ಇಷ್ಟ, ಗಿಲಾಯಿ (ಗಾರೆ) ಮಾಡಿಸಿದರೆ ಅರ್ಧ ತೊಂದರೆ ಹೋಯಿತು. ಗಂಬೂಟು, ಒಣಗಿಸಿದ ಬಟ್ಟೆ, ಕಂಬಳಿ ಕೊಡವಿ ನೋಡಿ. ಮಕ್ಕಳನ್ನು ನೆಲದಲ್ಲಿ ಮಲಗಿಸುವುದಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸಿ.

ಶರಾವತಿ ದಂಡೆ (ಹೊನ್ನಾವರ)

ನೀವೆಲ್ಲ ಮನೆ, ಆಸ್ಪತ್ರೆ ಬಗ್ಗೆ ಬರೆದಿರಿ, ನಾನು ಲೆಕ್ಕದ ಬಗ್ಗೆ ಬರೆಯುತ್ತೇನೆ, ಯಾಕೆಂದರೆ ಚೇಳನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಸೊಪ್ಪಿನಬೆಟ್ಟದವರು ಬೇಸರ ಮಾಡಿಕೊಂಡರಲ್ಲ, ಅದಕ್ಕೆ ಉತ್ತರ ಅಲ್ಲೇ ಇದೆ. 2008ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ಲೋಕದ ಅಂದಾಜು ಕಟ್ಟಿದರು. ವರ್ಷಕ್ಕೆ 12 ಲಕ್ಷ ಜನಕ್ಕೆ ಚೇಳು ಕಚ್ಚುತ್ತದೆ, 3,250ಕ್ಕೂ ಹೆಚ್ಚು ಜನ ಸಾಯುತ್ತಾರೆ, ಅಪಾಯದ ಜಾಗದಲ್ಲಿ ಬದುಕುವವರು 230 ಕೋಟಿ. ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ, ಮೆಕ್ಸಿಕೊ, ಬ್ರೆಜಿಲ್, ದಕ್ಷಿಣ ಭಾರತ. ಎಲ್ಲಾ ಬಿಸಿ ಊರುಗಳೇ. ಹೆಚ್ಚಿನ ಕಡೆ ಕಚ್ಚಿಸಿಕೊಳ್ಳುವವರು ಮಣ್ಣು, ಕಲ್ಲು, ಕಟ್ಟಿಗೆ ಮುಟ್ಟಿ ದುಡಿಯುವವರು ಮತ್ತು ಅವರ ಮಕ್ಕಳು.

ಮೆಕ್ಸಿಕೊದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜನಕ್ಕೆ ಕಚ್ಚುತ್ತದೆ. ಅಲ್ಲಿ ಸರ್ಕಾರ ಒಂದೊಂದನ್ನೂ ಲೆಕ್ಕ ಹಾಕುತ್ತದೆ, ಹಳ್ಳಿಗಳಿಗೂ ಪ್ರತಿವಿಷ ತಲುಪಿಸುತ್ತದೆ, ಸಾವು ಬಹಳ ಇಳಿದಿದೆ. ಬ್ರೆಜಿಲ್‌ನಲ್ಲಿ ಹಳದಿ ಚೇಳು ಪೇಟೆಯ ಚರಂಡಿಯಲ್ಲೇ ಮನೆ ಮಾಡಿದೆ, ಅದು ಗಂಡಿಲ್ಲದೆಯೂ ಮರಿ ಹಾಕುತ್ತದೆ, ಅಲ್ಲಿ ವರ್ಷಕ್ಕೆ ಲಕ್ಷ ದಾಟಿ ದಾಖಲಾಗುತ್ತಿದೆ. ದಾಖಲಾಗುವುದರಿಂದ ತಾನೆ ನಮಗೆ ಇಲ್ಲಿ ಕೂತು ಗೊತ್ತಾಗುವುದು!

ನಮ್ಮಲ್ಲಿ? ಹಾವು ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಡೆಗಣಿಸಿದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ 2024ರಲ್ಲಿ ಹಾವು ಕಡಿತ ಕಂಡರೆ ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಬಹಳ ಒಳ್ಳೆಯ ಕೆಲಸ. ಅದೇ ಚೇಳಿಗೂ ಬೇಕು. ಶಿರಸಿಯ ಮಗುವಿಗೆ ಮೊದಲು ಹೋದ ಕಡೆ ಇಂಜೆಕ್ಷನ್ ಕೊಟ್ಟು ಕಳಿಸಿದರಲ್ಲ, ಆ ರಾತ್ರಿ ಮಗು ಮನೆಯಲ್ಲೇ ಹೋಗಿಬಿಟ್ಟಿದ್ದರೆ ಅದು ಯಾವ ಪಟ್ಟಿಗೂ ಬರುತ್ತಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಔಷಧ ಯಾರು ತರಿಸುತ್ತಾರೆ, ಹೊಸ ಡಾಕ್ಟರಿಗೆ ತರಬೇತಿ ಯಾರು ಕೊಡುತ್ತಾರೆ? ನಮ್ಮದು ಸ್ವಲ್ಪ ಹೆಚ್ಚು ಕಡಿಮೆ ಆದರೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಅದೂ ಇಲ್ಲ. ದಾರಿಯಲ್ಲಿ ಮೂರು ಗಂಟೆ ಕಳೆಯುವ ಮಗುವಿಗೆ ಆ ಮಾತ್ರೆ ಹೊರಡುವ ಮೊದಲೇ ಸಿಗಬೇಕು, ಅಂದರೆ ಹತ್ತಿರದ ಪಿಎಚ್‌ಸಿಯಲ್ಲೇ ಇರಬೇಕು.

ಸೊಪ್ಪಿನಬೆಟ್ಟ (ಶಿರಸಿ)

ಎಲ್ಲರಿಗೂ ಧನ್ಯವಾದ. ನಾನು ಇವತ್ತು ನಮ್ಮ ಪಿಎಚ್‌ಸಿಗೆ ಹೋಗಿ ನೇರವಾಗಿ ಕೇಳಿದೆ. ಪ್ರಾಜೋಸಿನ್ ಇಲ್ಲ. ಫಾರ್ಮಸಿಯವರು ಬೇಸರ ಮಾಡಿಕೊಳ್ಳಲಿಲ್ಲ, "ಯಾರೂ ಕೇಳಿಲ್ಲ, ಬೇಡಿಕೆ ಇಲ್ಲ ಅಂತ ತರಿಸಿಲ್ಲ" ಎಂದರು. ಡಾಕ್ಟರು ಹೊಸಬರು, ಬಹಳ ಒಳ್ಳೆಯವರು, ಕೂರಿಸಿ ಮಾತಾಡಿದರು. ತರಿಸುವುದು ಹೇಗೆ? ಇಂಡೆಂಟ್ (ಔಷಧದ ಬೇಡಿಕೆ ಪತ್ರ) ಹಾಕಿದರೆ ಬರುವುದಕ್ಕೆ ಹೊತ್ತಾಗುತ್ತದಂತೆ. ಮಳೆ ಶುರುವಾಗುವ ಮೊದಲು ಬೇಕು.

ದವಾಖಾನೆ ಅಕ್ಕ (ಕುಮಟಾ)

ಇಂಡೆಂಟ್ ಹೇಗೂ ಹಾಕಿಸಿ, ಅದು ಮುಂದಿನ ವರ್ಷಕ್ಕೂ ಬೇಕು. ಅದು ಬರುವ ತನಕ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹೊರಗಿನಿಂದ ತರಿಸಬಹುದಾ ಎಂದು ಡಾಕ್ಟರನ್ನೇ ಕೇಳಿ. ಸಮಿತಿಯಲ್ಲಿ ಪಂಚಾಯ್ತಿಯವರೂ ಇರುತ್ತಾರೆ, ಅವರಿಗೆ ಮೊದಲೇ ಹೇಳಿಟ್ಟರೆ ಸಭೆಯಲ್ಲಿ ಸುಲಭ. ಮಾತ್ರೆ ಸಣ್ಣ ಡೋಸಿನದ್ದೇ ಬರಲಿ, ಮಕ್ಕಳಿಗೆ ಅದೇ ಬೇಕಾಗುವುದು. ಎಕ್ಸ್‌ಪೈರಿ ತಾರೀಕು ನೋಡಿ ತೆಗೆದುಕೊಳ್ಳಲಿ, ಬಳಸದೆ ಉಳಿಯುವ ಔಷಧ ಮೂಲೆಯಲ್ಲೇ ಹಳತಾಗುತ್ತದೆ.

ಆಶಾ ಕಾರ್ಯಕರ್ತೆಯರನ್ನೂ ಸೇರಿಸಿಕೊಳ್ಳಿ. ವಾಂತಿ, ಬೆವರು, ತಣ್ಣನೆ ಕೈಕಾಲು, ಈ ಮೂರನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು, ಕೆಳಗೆ 108 ಹಾಕಿ, ಅಂಗನವಾಡಿ ಗೋಡೆಗೆ, ಸೊಸೈಟಿ ಬಾಗಿಲಿಗೆ ಅಂಟಿಸಿ. ಸಿದ್ದಾಪುರದ ತಮ್ಮ, ನಿಮ್ಮ ಚಿಕ್ಕಪ್ಪನ ಮನೆ ಜಗುಲಿಗೂ ಒಂದು.

ಅಡಿಕೆ ಅಂಗಳ (ಸಿದ್ದಾಪುರ)

ಹಾಳೆ ಕಳಿಸಿ ಅಕ್ಕ, ನಾನೇ ಅಂಟಿಸುತ್ತೇನೆ. ಚಿಕ್ಕಪ್ಪ ಒಪ್ಪಿದ್ದಾರೆ. ಪಿಎಚ್‌ಸಿ ಡಾಕ್ಟರ ನಂಬರು ಕೇಳಿದರು, ಗುರುತು ಕಂಡ ಕೂಡಲೇ ತಾವೇ ಫೋನ್ ಮಾಡಿ ಕಳಿಸುತ್ತಾರಂತೆ.